ತೊಟ್ಟಿಲಲ್ಲಿ ನಾಲ್ಕೂವರೆ ಸಾವಿರ ವರ್ಷದ ಅಜ್ಜಿ

‘ನಾಗರಿಕತೆಯ ತೊಟ್ಟಿಲು ಯಾವುದು?’ ಎಂದರೆ ಮೆಸೊಪೊಟೇಮಿಯಾ ಎಂದು ಬರೆಯಬೇಕು. ಒಂದು ಅಂಕ. ಆದರೆ ತೊಟ್ಟಿಲಶಾಸ್ತ್ರ ಬಿಡುವಿಲ್ಲದೆ ನಡೆಯುತ್ತಿರುವುದು ನಮ್ಮಲ್ಲೇ. ಸಿಂಧೂ ಕಣಿವೆ ನಾಗರಿಕತೆ ಎಂದಿದ್ದವಳು ಹರಪ್ಪ ನಾಗರಿಕತೆ ಆದಳು. 2024ರ ಎನ್‌ಸಿಇಆರ್‌ಟಿ ಆರನೇ ತರಗತಿ ಪುಸ್ತಕದಲ್ಲಿ ಸಿಂಧು-ಸರಸ್ವತಿಯೂ ಆದಳು. ಇನ್ನೆಷ್ಟು ಸಲ ಕಿವಿಯಲ್ಲಿ ಹೆಸರು ಉಸುರುತ್ತಾರೋ! ಅಜ್ಜಿಯ ನಿಜವಾದ ಹೆಸರು ಅವಳ ಲಿಪಿಯಲ್ಲೇ ಇದ್ದೀತು, ಅದನ್ನು ಓದಲು ಯಾರಿಗೂ ಬರುವುದಿಲ್ಲ. ಓದಿದವರಿಗೆ ಹತ್ತು ಲಕ್ಷ ಡಾಲರ್ ಎಂದು ತಮಿಳುನಾಡು ಮುಖ್ಯಮಂತ್ರಿ 2025ರ ಜನವರಿಯಲ್ಲಿ ಘೋಷಿಸಿದರು. ವಾಟ್ಸ್ಯಾಪ್‌ನಲ್ಲಿ ಈಗಾಗಲೇ ಓದಿ ಮುಗಿಸಿದವರಿಗೆ ಅರ್ಜಿ ಹಾಕುವುದೊಂದೇ ಬಾಕಿ. ಒಂದು ಬರಹಕ್ಕೆ ಸರಾಸರಿ ಐದೇ ಚಿಹ್ನೆ; ಐದು ಚಿಹ್ನೆಗೆ ಯಾರ ಮನೆಮಾತನ್ನಾದರೂ ತೊಡಿಸಬಹುದು.

ಹೆಸರಿಡುವುದರಲ್ಲಿ ಪಾಠವೂ ಹಿಂದೆ ಬಿದ್ದಿಲ್ಲ. ಅಜ್ಜಿಯ ದೊಡ್ಡ ಊರುಗಳಲ್ಲೊಂದಾದ ಮೊಹೆಂಜೊದಾರೊ ಎಂದರೆ ‘ಸತ್ತವರ ದಿಬ್ಬ’. ಹಾಳುಬಿದ್ದ ಮಣ್ಣುಗುಡ್ಡಕ್ಕೆ ಎಷ್ಟೋ ಕಾಲದ ಮೇಲೆ ಸಿಂಧಿ ಜನ ಕೊಟ್ಟ ಹೆಸರು ಅದು ಎಂಬ ಅರ್ಧ ಸಾಲು ನೋಟ್ಸ್‌ನಲ್ಲಿ ಉದುರಿಹೋಗಿರುತ್ತದೆ. ಹಾಗಾಗಿ ಆ ಊರಿನವರು ‘ಎಲ್ಲಿಗೆ ಹೊರಟ್ರಿ?’ ‘ಸತ್ತವರ ದಿಬ್ಬಕ್ಕೆ, ಸಂಜೆಗೆ ಬರ್ತೀನಿ’ ಎಂದು ಮಾತಾಡಿಕೊಳ್ಳುತ್ತಿದ್ದರೆಂದು ಮಕ್ಕಳು ತಿಳಿದರೆ ತಪ್ಪು ಯಾರದು?

ಅಲ್ಲೇ ಸಿಕ್ಕ ‘ಪುರೋಹಿತ ರಾಜ’ನನ್ನು ನೋಡಿ. 17.5 ಸೆಂ.ಮೀ. ಎತ್ತರದ, ಮುರಿದ ಬಳಪದ ಕಲ್ಲಿನ ವಿಗ್ರಹ. ಪೌರೋಹಿತ್ಯಕ್ಕೆ ಪುರಾವೆಯಿಲ್ಲ, ರಾಜ್ಯಭಾರಕ್ಕೂ ಇಲ್ಲ. ಗಡ್ಡ ಇದೆ, ಹೆಗಲ ಮೇಲೆ ಶಾಲು ಇದೆ. ನಮ್ಮ ಕಡೆ ಅಂಥವರನ್ನು ಸನ್ಮಾನಿತರು ಎನ್ನುತ್ತೇವೆ.

‘ನರ್ತಕಿ’ಯೂ ಕುಣಿಯುತ್ತಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ, ಕ್ಯೂ ಮುಂದೆ ಸರಿಯದಿದ್ದಾಗ ನಿಲ್ಲುವ ಹಾಗೆ. ಹತ್ತೂವರೆ ಸೆಂ.ಮೀ. ಕಂಚು. ಮೊದಲು ಮೇಣದ ಗೊಂಬೆ, ಅದರ ಮೇಲೆ ಮಣ್ಣಿನ ಲೇಪ; ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಉಳಿದ ಪೊಳ್ಳಿಗೆ ಕರಗಿದ ಲೋಹ. ಅಚ್ಚು ಒಡೆದೇ ಹೊರತೆಗೆಯಬೇಕು, ಆದ್ದರಿಂದ ಅದೇ ಅಚ್ಚಿನಲ್ಲಿ ಎರಡನೆಯದು ಬರುವುದಿಲ್ಲ. 2023ರ ದೆಹಲಿ ಮ್ಯೂಸಿಯಂ ಎಕ್ಸ್‌ಪೋದವರು ತಮ್ಮ ಮ್ಯಾಸ್ಕಾಟ್ ಎಂದು ಎರಡನೆಯದನ್ನೂ ತಂದರು: ಐದಡಿ ಎತ್ತರ, ಗುಲಾಬಿ ಮೈ, ಮೇಲೆ ಬಟ್ಟೆ. ಗದ್ದಲವಾದಾಗ ‘ಇದು ಚನ್ನಪಟ್ಟಣದ ಗೊಂಬೆ ಶೈಲಿ’ ಎಂಬ ಸಮಜಾಯಿಷಿ ಬಂತು. ಮರ ಕಡೆದು ಅರಗು ಹಚ್ಚುವ ಕುಶಲಕರ್ಮಿಗಳ ತಲೆಗೆ ಇದೊಂದನ್ನೂ ಕಟ್ಟಿದರು.

ಹೆಸರಿನ ಜಗಳವೇ ಬೇಡದ ವಸ್ತುವೊಂದು ಅಲ್ಲೇ ಬಿದ್ದಿದೆ: ತೂಕದ ಕಲ್ಲು. ಚರ್ಟ್ ಶಿಲೆಯ ಪುಟ್ಟ ಘನಗಳು. ಹೆಚ್ಚಾಗಿ ಸಿಗುವುದು ಸುಮಾರು 13.6 ಗ್ರಾಂನದು; ಕೆಳಗಿಳಿದರೆ 6.8, 3.4, 1.7, 0.85. ಪ್ರತಿಯೊಂದೂ ಮೇಲಿನದರ ಅರ್ಧ. ಈ ಐದೇ ಕಲ್ಲಿನಿಂದ ಚಿಕ್ಕದರ ಒಂದು ಪಟ್ಟಿನಿಂದ 31 ಪಟ್ಟಿನವರೆಗೆ ಯಾವ ಪೂರ್ಣ ಪಟ್ಟನ್ನಾದರೂ ತೂಗಬಹುದು. ಒಂದು ತಕ್ಕಡಿ, ಐದು ಮಣ್ಣುಂಡೆ, ಒಂದು ಪೀರಿಯಡ್. ಅಷ್ಟರಲ್ಲಿ ಹರಪ್ಪದ ಅಂಗಡಿಯವನ ಲೆಕ್ಕ ಮಕ್ಕಳ ಕೈಗೆ ಹತ್ತುತ್ತದೆ. ಇದನ್ನು ಮಾಡಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಹೆಸರಿಗಾಗಿ ಬಡಿದಾಡುವ ಯಾವ ಕಡೆಯವರೂ ಇದನ್ನು ಕೇಳಲಿಲ್ಲ. ಕೇಳುವುದೂ ಇಲ್ಲ.

ಗೈಡಿನಲ್ಲಿ ‘ಸತ್ತವರ ದಿಬ್ಬ’ಕ್ಕೆ ಮೂರು ಸ್ಟಾರ್. ತೂಕದ ಕಲ್ಲಿಗೆ ಒಂದೂ ಇಲ್ಲ. ಅದು ಪರೀಕ್ಷೆಗೆ ಬರುವುದಿಲ್ಲವಂತೆ.