ಪೆಸಿಫಿಕ್‌ನಲ್ಲಿ ಮರೀನ್‌ಗಳಷ್ಟೇ ಇರಲಿಲ್ಲ

ಎರಡನೇ ಮಹಾಯುದ್ಧದ ಪೆಸಿಫಿಕ್ ಕಾದಾಟದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸಾರ್. ಆದರೆ ಜಪಾನ್ ವಿರುದ್ಧದ ನೆಲದ ಕಾದಾಟವೆಲ್ಲ ಅಮೆರಿಕದ ಮರೀನ್‌ಗಳದ್ದೇ (ಭೂಸೇನೆಗೆ ಸೇರದ, ನೌಕಾಪಡೆಯ ಜೊತೆಗಿನ ಕಾಳಗದ ದಳ) ಎನ್ನುವ ಹಾಗೆ ಬರೆದಿದ್ದೀರಿ, ಅದೊಂದು ಒಪ್ಪಲಾಗಲಿಲ್ಲ. ಮರೀನ್ ಡಿವಿಜನ್‌ಗಳು, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳು, ಒಟ್ಟು 6. ಅಮೆರಿಕದ ಭೂಸೇನೆಯವು 20ಕ್ಕೂ ಹೆಚ್ಚು. ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಮರೀನ್‌ಗಳು ಬಾವುಟ ಏರಿಸೋ ಫೋಟೊ ಎಲ್ಲರ ಕಣ್ಣಲ್ಲಿ ಕೂತುಬಿಟ್ಟಿದೆ, ಏನು ಮಾಡೋದು.

ಆಸ್ಟ್ರೇಲಿಯಾದ ಉತ್ತರಕ್ಕಿರೋ ನ್ಯೂಗಿನಿ ದ್ವೀಪದ ಬುನಾ ನೋಡಿ. 1942ರ ನವೆಂಬರ್‌ನಲ್ಲಿ ಅಲ್ಲಿ ದಾಳಿಗಿಳಿದ ಭೂಸೇನೆಯ 32ನೇ ಡಿವಿಜನ್ ಮೂಲತಃ ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ನ್ಯಾಷನಲ್ ಗಾರ್ಡ್, ಅಂದರೆ ಅರೆಕಾಲಿಕ ಸೈನಿಕರ ಪಡೆ. ಹಿಮ ಬೀಳೋ ಊರಿನ ಹುಡುಗರು, ಕಾಡಿನ ಯುದ್ಧದ ತರಬೇತಿ ಅಷ್ಟಕ್ಕಷ್ಟೇ. ಅವರಲ್ಲೊಂದು ಬೆಟಾಲಿಯನ್ (ನೂರಾರು ಜನರ ತುಕಡಿ) ಆ ದ್ವೀಪದ ಓವೆನ್ ಸ್ಟಾನ್ಲಿ ಬೆಟ್ಟಸಾಲನ್ನು ನಡೆದೇ ದಾಟಿ ಬಂದಿತ್ತು. ಎದುರಿಗೆ ತೆಂಗಿನ ದಿಮ್ಮಿ ಪೇರಿಸಿ, ಮಣ್ಣು ಹಾಕಿ, ಗಿಡಬಳ್ಳಿ ಮುಚ್ಚಿದ ಜಪಾನಿ ಬಂಕರ್‌ಗಳು. ಹತ್ತಿರ ಹೋದರೂ ಕಾಣುತ್ತಿರಲಿಲ್ಲ. ತೆಂಗಿನ ಮರ ಕಡಿದು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಆ ನಾರು ಕೊಡಲಿಯನ್ನೇ ಹಿಡಿದುಕೊಳ್ಳುತ್ತೆ, ಇನ್ನು ಗುಂಡು ಯಾವ ಲೆಕ್ಕ! ಅಮೆರಿಕದವರ ಹತ್ತಿರ ಫಿರಂಗಿಗಳು ಬೆರಳೆಣಿಕೆಯಷ್ಟು. ಬಂಕರ್ ಮುರಿಯೋ ಟ್ಯಾಂಕ್ ಬಂದದ್ದು ಡಿಸೆಂಬರ್‌ನಲ್ಲಿ, ಅದೂ ಆಸ್ಟ್ರೇಲಿಯಾದವರದ್ದು.

ಗುಂಡಿಗಿಂತ ಜಾಸ್ತಿ ಜನರನ್ನು ಮಲಗಿಸಿದ್ದು ಮಲೇರಿಯಾದಂಥ ಕಾಯಿಲೆಗಳು. ಮಲೇರಿಯಾ ತಡೆಯೋ ಅಟಬ್ರಿನ್ ಮಾತ್ರೆ ನುಂಗಿದರೆ ಮೈ ಹಳದಿ ತಿರುಗುತ್ತಿತ್ತು. ಗಂಡಸುತನ ಹೋಗುತ್ತೆ ಅನ್ನೋ ಪುಕಾರು ಬೇರೆ. ಎಷ್ಟೋ ಜನ ಕದ್ದು ಉಗಿದುಬಿಡುತ್ತಿದ್ದರಂತೆ.

ಜಪಾನಿನ ಓಕಿನಾವಾ ದ್ವೀಪದಲ್ಲಿ ಭೂಸೇನೆ, ಮರೀನ್‌ ಇಬ್ಬರೂ ಇದ್ದ 10ನೇ ಆರ್ಮಿಯ ದಂಡನಾಯಕ ಬಕ್ನರ್ ಕೂಡ ಭೂಸೇನೆಯವರೇ. 1945ರ ಜೂನ್ 18ರಂದು ಶೆಲ್ ಬಿದ್ದು ಸತ್ತಾಗ ಅವರು ಮರೀನ್‌ಗಳ ಮುಂಚೂಣಿ ನೋಡಲು ಹೋಗಿದ್ದರು. ಅದೇ ವರ್ಷ ಜನವರಿ 9ಕ್ಕೆ ಅಮೆರಿಕದ ಭೂಸೇನೆಯ 6ನೇ ಆರ್ಮಿ ಫಿಲಿಪ್ಪೀನ್ಸ್‌ನ ಲಿಂಗಾಯೆನ್ ಕೊಲ್ಲಿಯಲ್ಲಿ ಇಳಿದು ಅಲ್ಲಿನ ಲುಜಾನ್ ದ್ವೀಪದಲ್ಲಿ ತಿಂಗಳುಗಟ್ಟಲೆ ಕಾದಾಡಿತು. ನಿಮ್ಮ ಲೇಖನದಲ್ಲಿ ಲುಜಾನ್ ಹೆಸರೇ ಇಲ್ಲವಲ್ಲ?