ಸ್ಪಷ್ಟನೆ: ನಾಯಿ ಮೈಗೆ ಟೀ ಟ್ರೀ ಎಣ್ಣೆ ನೇರ ಹಚ್ಚಬೇಡಿ

"ಗಿಡದಿಂದ ಬಂದದ್ದು, ಏನೂ ಆಗೋದಿಲ್ಲ, ಟೀ ಟ್ರೀ ಎಣ್ಣೆ ಹಾಗೇ ತಿಕ್ಕಿದರೆ ನಾಯಿಯ ನಾತ ಹೋಗುತ್ತದೆ" ಎಂಬ ಸಂದೇಶ ಮುಧೋಳ ಕಡೆ ನಾಯಿ ಸಾಕುವವರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಟೀ ಟ್ರೀ ಎಂಬ ಮರದ (ಚಹಾ ಗಿಡವಲ್ಲ) ಎಲೆಯಿಂದ ತೆಗೆಯುವ ಆ ಎಣ್ಣೆ ಚರ್ಮದೊಳಗೆ ಇಳಿಯುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ನಾಯಿ ನಡುಗುತ್ತದೆ, ತೂರಾಡುತ್ತದೆ, ಹಿಂಗಾಲು ಸೋಲುತ್ತವೆ. ಮುಧೋಳ ನಾಯಿಯ ಕೂದಲಂತೂ ಗಿಡ್ಡ, ಎಣ್ಣೆ ಸೀದಾ ಚರ್ಮಕ್ಕೇ ತಾಗುತ್ತದೆ. ಹಚ್ಚಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಕೂಡಲೇ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.

ನಾತ ಹುಟ್ಟುವುದು ಮೈಜಿಡ್ಡು ತಿಂದು ಬೆಳೆಯುವ ಬ್ಯಾಕ್ಟೀರಿಯಾ, ಯೀಸ್ಟ್‌ನಿಂದ. ಅಂಟುವಾಳದ ನೊರೆ ಆ ಜಿಡ್ಡನ್ನು ಎತ್ತಿ ನೀರಿಗೆ ಬಿಡುತ್ತದೆ. ಕೆಲವು ಶ್ಯಾಂಪೂಗಳಲ್ಲಿರುವ ಜಿಂಕ್ ರಿಸಿನೋಲಿಯೇಟ್ ತಯಾರಾಗುವುದು ನಮ್ಮ ಔಡಲ ಎಣ್ಣೆಯಿಂದಲೇ. ಅದು ವಾಸನೆಯ ಕಣಗಳನ್ನು ಹಿಡಿದಿಡುತ್ತದೆ. ಬರೀ ಪರಿಮಳವಾದರೆ ನಾತವನ್ನು ಮುಚ್ಚುತ್ತದೆ, ಅಷ್ಟೇ.