ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟವರಿಗೆ

"ಈಗ ಬಿಪಿ ನಾರ್ಮಲ್ ಇದೆ, ಅದಕ್ಕೇ ಮಾತ್ರೆ ಬಿಟ್ಟೆ." ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ನಾರ್ಮಲ್ ಆಗಿದ್ದೇ ಆ ಮಾತ್ರೆಯಿಂದ ಅಲ್ವಾ? ಅದು ಮೈಯಲ್ಲಿ ಇರುವಷ್ಟು ಕಾಲ ಮಾತ್ರ ಕೆಲಸ ಮಾಡುತ್ತದೆ. ಬಿಟ್ಟರೆ ಹೆಚ್ಚಿನವರಿಗೆ ಬಿಪಿ ಮತ್ತೆ ಏರುತ್ತದೆ. ಅಟೆನೊಲಾಲ್, ಕ್ಲೋನಿಡಿನ್‌ನಂಥವನ್ನು ದಿಢೀರನೆ ನಿಲ್ಲಿಸುವುದಂತೂ ಅಪಾಯವೇ.

ಏರಿದ್ದು ಗೊತ್ತೂ ಆಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಅಂದಮೇಲೆ ಬಿಪಿ ಇಲ್ಲ ಅಂತ ಲೆಕ್ಕ ಹಾಕಬೇಡಿ. ಬಿಪಿ ಇರುವವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೆಲವರಿಗೆ ಗೊತ್ತಾಗುವುದೇ ಪಾರ್ಶ್ವವಾಯು ಹೊಡೆದ ಮೇಲೆ.

ಜನ ಮಾತ್ರೆ ಬಿಡಲು ಇನ್ನೊಂದು ದೊಡ್ಡ ಕಾರಣ, "ಕಿಡ್ನಿ ಹೋಗುತ್ತದೆ" ಅನ್ನುವ ಭಯ. ನಿಜಕ್ಕೂ ಕಿಡ್ನಿ ಹಾಳು ಮಾಡುವುದು ಹತೋಟಿಗೆ ಬಾರದ ಬಿಪಿ. ಕೆಲವು ಮಾತ್ರೆ ಶುರು ಮಾಡಿದಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಶ), ಪೊಟ್ಯಾಸಿಯಂ ನೋಡಬೇಕು, ಅದು ಸರಿ. ಆದರೆ ಶುಗರ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಕಿಡ್ನಿ ಉಳಿಸಲೆಂದೇ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಕೊಡುತ್ತಾರೆ! ಮಂಡಿನೋವಿಗೆ ಅಂತ ದಿನಾ ಸುಮ್ನೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗ್ಗೆ ಮಾತ್ರ ಯಾರೂ ಹೆದರುವುದಿಲ್ಲ. ಅವು ಬಿಪಿಯನ್ನೂ ಏರಿಸಬಲ್ಲವು, ಕಿಡ್ನಿಗೂ ಪೆಟ್ಟು ಕೊಡಬಲ್ಲವು.

ಹಾಗಂತ ಬಿಪಿ ಮಾತ್ರೆಯಿಂದ ತೊಂದರೆಯೇ ಇಲ್ಲ ಅಂತಲ್ಲ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದುತ್ತದೆ. ಸಂಜೆ ಸಾಕ್ಸ್ ತೆಗೆದರೆ ಅದರ ಅಂಚಿನ ಗೆರೆ ಚರ್ಮದಲ್ಲಿ ಆಳವಾಗಿ ಅಚ್ಚೊತ್ತಿರುತ್ತದೆ. ರಾಮಿಪ್ರಿಲ್, ಎನಾಲಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಎಷ್ಟು ಸಿರಪ್ ಕುಡಿದರೂ ನಿಲ್ಲುವುದಿಲ್ಲ. ಇಂಥದ್ದೇನಾದರೂ ಆದರೆ ಡಾಕ್ಟರಿಗೆ ಹೇಳಿ. ಬೇರೆ ಗುಂಪಿನ ಮಾತ್ರೆಗಳು ಬೇಕಾದಷ್ಟಿವೆ, ಬದಲಾಯಿಸಿ ಕೊಡುತ್ತಾರೆ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ಬಿಪಿ ಅಳೆಯುವ ರೀತಿ. ಮೆಟ್ಟಿಲು ಹತ್ತಿ ಬಂದು, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ, ಫೋನಲ್ಲಿ ಮಾತಾಡುತ್ತಾ ನೋಡಿದರೆ ಬರುವ ಅಂಕಿಗೆ ಬೆಲೆಯಿಲ್ಲ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂರಿ. ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ 140/90 ಅನ್ನುವ ಗಡಿ ಮನೆಯಲ್ಲಿ ನೋಡಿದಾಗ 135/85 ಎಂದು ಬಹಳಷ್ಟು ಮಾರ್ಗಸೂಚಿಗಳು ಹೇಳುತ್ತವೆ.

ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ನಡೆಯಲು ಶುರು ಮಾಡಿದವರಲ್ಲಿ ಕೆಲವರಿಗೆ ಡೋಸ್ ಇಳಿಯುತ್ತದೆ, ಅಪರೂಪಕ್ಕೆ ಮಾತ್ರೆ ನಿಂತೂ ಹೋಗುತ್ತದೆ. ನಿಮಗೂ ನಿಲ್ಲಿಸುವ ಆಸೆ ಇದ್ದರೆ ಒಂದು ವಾರದ ಅಂಕಿಗಳನ್ನು ಬರೆದುಕೊಂಡು ಹೋಗಿ, "ಕಡಿಮೆ ಮಾಡಬಹುದಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಅಲ್ಲಿಯವರೆಗೆ ಇವತ್ತಿನ ಮಾತ್ರೆ ತಪ್ಪಿಸಬೇಡಿ.